ಪರರ ಸಮರದ ಸಾಕ್ಷಿಗಳು

ಸಾಕ್ಷ್ಯಚಿತ್ರವೆಂಬ ಹೆಸರಿನಲ್ಲಿಯೇ ಒಂದು ಪ್ರಮಾಣವಚನ ಅಡಗಿದೆ. ಕಥಾಚಿತ್ರವು ಕಲ್ಪಿತವೆಂಬುದನ್ನು ಪ್ರೇಕ್ಷಕನು ಮೊದಲೇ ಬಲ್ಲನು. ಸಾಕ್ಷ್ಯಚಿತ್ರದ ಮುಂದೆ ಕುಳಿತವನಾದರೋ ‘ಇದು ನಡೆದದ್ದು’ ಎಂಬ ವಿಶ್ವಾಸದಿಂದಲೇ ಕುಳಿತಿರುತ್ತಾನೆ. ಆದ್ದರಿಂದ ಅಂಥ ಚಿತ್ರದ ವಿಮರ್ಶೆಯು ಬೆಳಕು, ಸಂಕಲನ, ಸಂಗೀತಗಳ ವಿಚಾರದಲ್ಲಿಯೇ ಮುಗಿಯುವಂತಿಲ್ಲ. ನ್ಯಾಯಸ್ಥಾನದಲ್ಲಿ ಸಾಕ್ಷಿಯನ್ನು ಪ್ರಶ್ನಿಸುವಂತೆ ಅದನ್ನೂ ಪ್ರಶ್ನಿಸಬೇಕಾಗುತ್ತದೆ: ಏನನ್ನು ಕಂಡೆ, ಎಲ್ಲಿ ನಿಂತು ಕಂಡೆ, ಯಾವುದನ್ನು ಕಂಡೂ ಹೇಳದೆ ಉಳಿದೆ? ತನ್ನ ನಾಡನ್ನು ಬಿಟ್ಟು ಪರದೇಶಕ್ಕೆ ಹೋಗಿ, ತನ್ನದಲ್ಲದ ಕಲಹದಲ್ಲಿ ಕಾದುವ ಸೈನಿಕನನ್ನು ಕುರಿತ ಚಿತ್ರಗಳ ವಿಷಯದಲ್ಲಿ ಈ ಪ್ರಶ್ನೆಗಳು ಇನ್ನಷ್ಟು ತೀಕ್ಷ್ಣವಾಗುತ್ತವೆ.

ಜೈನಾಚಾರ್ಯರು ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಸಂಕಲ್ಪಪೂರ್ವಕವಾದ ಹಿಂಸೆಯನ್ನು ಶ್ರಾವಕನು ಸಂಪೂರ್ಣವಾಗಿ ತೊರೆಯಬೇಕು. ತನ್ನವರ, ತನ್ನ ನಾಡಿನ ರಕ್ಷಣೆಗಾಗಿ ಅನಿವಾರ್ಯವಾಗುವ ವಿರೋಧಿ ಹಿಂಸೆಯು ಅವನಿಗೆ ದೋಷರಹಿತವಲ್ಲವಾದರೂ ನಿಷಿದ್ಧವಲ್ಲ. ಆದರೆ ಸಮುದ್ರದಾಚೆಯ ನಾಡಿಗೆ ಹೋಗಿ, ತನಗೆ ಯಾವ ಕೇಡನ್ನೂ ಬಗೆಯದವನನ್ನು ಕೊಲ್ಲುವ ಯೋಧನ ಕಾರ್ಯವನ್ನು ಈ ನಾಲ್ಕರಲ್ಲಿ ಯಾವುದಕ್ಕೆ ಸೇರಿಸಬೇಕು? ವಿರೋಧಿಯೆನ್ನಲು ಅವನಿಗೆ ಅಲ್ಲಿ ವಿರೋಧಿಯಿಲ್ಲ. ಸಂಕಲ್ಪಿಯೆನ್ನಲು ಸಂಕಲ್ಪವು ಅವನದಲ್ಲ, ಅವನನ್ನು ಕಳುಹಿಸಿದವರದು. ಇಲ್ಲಿಯೇ ಇನ್ನೊಂದು ವಿಂಗಡಣೆಯು ನೆರವಿಗೆ ಬರುತ್ತದೆ: ಕೃತ, ಕಾರಿತ, ಅನುಮತ. ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಮನಸಾರೆ ಒಪ್ಪುವುದು. ಮೂರೂ ಕರ್ಮಬಂಧಕ್ಕೆ ದ್ವಾರಗಳೇ. ಒಬ್ಬನು ಮಾಡಿದ ಹಿಂಸೆಯ ಫಲವು ಹಲವರಿಗೆ ಹಂಚಿಕೆಯಾಗಬಹುದು, ಹಲವರು ಮಾಡಿದ್ದರ ಫಲವನ್ನು ಒಬ್ಬನೇ ಹೊರಬೇಕಾಗಬಹುದು ಎಂದು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಯುದ್ಧದ ಸಾಕ್ಷ್ಯಚಿತ್ರಕ್ಕೆ ಇದಕ್ಕಿಂತ ನಿಷ್ಠುರವಾದ ಒರೆಗಲ್ಲು ಸಿಗಲಾರದು. ಏಕೆಂದರೆ ಚಿತ್ರದಲ್ಲಿ ಕಾಣುವವನು ಮಾಡಿದವನು. ಮಾಡಿಸಿದವನು ಬಹುಮಟ್ಟಿಗೆ ಚೌಕಟ್ಟಿನ ಹೊರಗಿರುತ್ತಾನೆ. ಒಪ್ಪುವವನೋ ಒಪ್ಪದಿರುವವನೋ ಆದ ಮೂರನೆಯವನು ತೆರೆಯ ಮುಂದೆ ಕುಳಿತಿರುತ್ತಾನೆ.

ಕಲ್ಲಿನಲ್ಲಿ ಉಳಿದ ದಾಖಲೆ

ಚಲನಚಿತ್ರವು ಹೊಸದಾದರೂ ಯುದ್ಧವನ್ನು ದಾಖಲಿಸುವ ಹಂಬಲವು ಹೊಸದಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನೆಲವು ಇದಕ್ಕೆ ಒಳ್ಳೆಯ ನಿದರ್ಶನ. ಗಂಗರು ‘ಕುವಳಾಲಪುರವರೇಶ್ವರ’ರೆಂದು ತಮ್ಮನ್ನು ಕರೆದುಕೊಂಡದ್ದು ಈ ಕೋಲಾರದಿಂದಲೇ. ಗಂಗ, ಬಾಣ, ನೊಳಂಬರ ಸೀಮೆಗಳು ಸಂಧಿಸುವ ಈ ಪ್ರದೇಶದಲ್ಲಿ ತುರುಗೋಳುಗಳಲ್ಲಿಯೂ ಗಡಿಕಾಳಗಗಳಲ್ಲಿಯೂ ಮಡಿದವರಿಗೆ ನಿಲ್ಲಿಸಿದ ವೀರಗಲ್ಲುಗಳು ಹೇರಳವಾಗಿವೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟವು ಈ ಜಿಲ್ಲೆಯ ಶಾಸನಗಳನ್ನೇ ಒಳಗೊಂಡಿದೆ. ವೀರಗಲ್ಲಿನ ರೂಢಿಯ ರಚನೆ ಎಲ್ಲರಿಗೂ ಪರಿಚಿತ: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ದೇವಕನ್ಯೆಯರು, ಮೇಲೆ ಸ್ವರ್ಗ. ಸತ್ತವನ ನೋವಾಗಲಿ, ಅವನು ಕೊಂದವರ ಹೆಸರಾಗಲಿ ಅಲ್ಲಿ ಬರುವುದಿಲ್ಲ. ನೋಡುವವನು ಒಪ್ಪಿ ತಲೆಬಾಗಬೇಕೆಂಬುದೇ ಆ ಶಿಲ್ಪದ ಉದ್ದೇಶ.

ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ದಾಖಲೆಯಿದೆ. ಗಂಗ ದೊರೆ ಮಾರಸಿಂಹನು ತನ್ನ ಅಧಿರಾಜನಾದ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗಾಗಿ ಉತ್ತರದಲ್ಲಿ ಘೂರ್ಜರರ ನಾಡಿನವರೆಗೆ ದಂಡೆತ್ತಿ ಹೋದವನು. ಎಂದರೆ ಪರರ ಸಮರದಲ್ಲಿ ಕಾದಿದವನು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ ಕೂಗೆ ಬ್ರಹ್ಮದೇವ ಸ್ತಂಭದ ಶಾಸನವು ಅವನ ವಿಜಯಗಳನ್ನು ಸಾಲಾಗಿ ಎಣಿಸುತ್ತದೆ. ಆದರೆ ವಿಜಯಗಳಲ್ಲಿಯೇ ನಿಲ್ಲುವುದಿಲ್ಲ. ಕ್ರಿ.ಶ. 974ರ ಸುಮಾರಿಗೆ ಆತನು ರಾಜ್ಯವನ್ನು ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತವನ್ನು ಕೈಕೊಂಡನೆಂದು ಹೇಳಿ ಮುಗಿಯುತ್ತದೆ. ಗೆದ್ದದ್ದರ ಪಟ್ಟಿಯ ಕೊನೆಗೆ ಬಿಟ್ಟದ್ದರ ಉಲ್ಲೇಖ ಬಂದಾಗ, ಮೊದಲಿನ ಪಟ್ಟಿಯ ಅರ್ಥವೇ ಬದಲಾಗುತ್ತದೆ. ಯುದ್ಧದ ಸಾಕ್ಷ್ಯಚಿತ್ರವೊಂದು ವೀರಗಲ್ಲಿನಂತೆ ಮುಗಿಯುವುದೋ ಈ ಸ್ತಂಭಶಾಸನದಂತೆ ಮುಗಿಯುವುದೋ ಎಂಬುದು ಕೇಳಲು ಯೋಗ್ಯವಾದ ಪ್ರಶ್ನೆ.

ಹೈಫಾ ಮತ್ತು ಆರಂಭದ ಚಿತ್ರಗಳು

ಕನ್ನಡ ನಾಡಿನ ಯೋಧರು ಪರದೇಶದ ಯುದ್ಧದಲ್ಲಿ ಪಾಲ್ಗೊಂಡ ಪ್ರಸಂಗಗಳಲ್ಲಿ ಹೈಫಾ ಪ್ರಮುಖವಾದುದು. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳವು ಈಜಿಪ್ಟಿಗೂ ಅಲ್ಲಿಂದ ಪ್ಯಾಲೆಸ್ಟೈನಿಗೂ ಸಾಗಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಡನೆ ಹೈಫಾ ಪಟ್ಟಣವನ್ನು ವಶಪಡಿಸಿಕೊಂಡಿತು. ಸೆರೆಸಿಕ್ಕ ತುರ್ಕಿ ಹಾಗೂ ಜರ್ಮನ್ ಸೈನಿಕರು ಸಾವಿರಕ್ಕೂ ಮೀರಿದ್ದರು. ಆಕ್ರಮಣ ಮಾಡಿದವರಲ್ಲಿ ಮಡಿದ ಮನುಷ್ಯರು ಹತ್ತಕ್ಕಿಂತ ಕಡಿಮೆ. ಮಡಿದ ಕುದುರೆಗಳು ಸುಮಾರು 60. ಸೇನಾ ಇತಿಹಾಸವು ಇದನ್ನು ಅಲ್ಪವ್ಯಯದ ವಿಜಯವೆನ್ನುತ್ತದೆ. ಪಂಚೇಂದ್ರಿಯ ಜೀವಿಗಳ ಲೆಕ್ಕವಿಡುವ ಶ್ರಾವಕನಿಗೆ ಆ ಅರವತ್ತು ಅಡಿಟಿಪ್ಪಣಿಯಲ್ಲ.

ಈ ಯುದ್ಧಕ್ಕೆ ಮೈಸೂರಿನ ಮಹಾರಾಜರು 50 ಲಕ್ಷ ರೂಪಾಯಿಗಳ ಕೊಡುಗೆಯಿತ್ತಿದ್ದರು. ಆ ಕಾಲದಲ್ಲಿ ಸಂಸ್ಥಾನದ ಬೊಕ್ಕಸಕ್ಕೆ ಕೋಲಾರದ ಚಿನ್ನದ ಗಣಿಗಳ ರಾಜಧನವು ಒಂದು ಮುಖ್ಯ ಆದಾಯವಾಗಿತ್ತು. ಕತ್ತಿ ಹಿಡಿಯದ ನೆಲವೂ ಸಮರಕ್ಕೆ ಪಾಲುದಾರನಾಗುವ ಬಗೆ ಇದು. ‘ಕಾರಿತ’ವೆಂಬ ಶಬ್ದದ ವ್ಯಾಪ್ತಿಯು ಅರಮನೆ, ಸೇನಾಕಚೇರಿಗಳಿಗೆ ಸೀಮಿತವಾದುದಲ್ಲವೆಂಬುದನ್ನು ಕೋಲಾರದ ಓದುಗರು ದೂರದ ನಿದರ್ಶನದಿಂದ ಕಲಿಯಬೇಕಿಲ್ಲ.

ಅಲನ್‌ಬಿಯ ದಂಡಯಾತ್ರೆಯನ್ನು ಅಮೆರಿಕದ ಲೊವೆಲ್ ಥಾಮಸ್ ಮತ್ತು ಅವನ ಛಾಯಾಗ್ರಾಹಕ ಹ್ಯಾರಿ ಚೇಸ್ ಚಿತ್ರೀಕರಿಸಿದರು. 1919ರಲ್ಲಿ ಲಂಡನ್ನಿನಲ್ಲಿ ಥಾಮಸ್ ಆ ಚಿತ್ರಗಳನ್ನು ತೋರಿಸುತ್ತ ಉಪನ್ಯಾಸ ನೀಡಿದಾಗ ಜನ ಮುಗಿಬಿದ್ದು ನೋಡಿದರು. ಅದರ ಫಲವಾಗಿ ಲಾರೆನ್ಸ್ ಎಂಬ ಒಬ್ಬ ಅಧಿಕಾರಿಯ ಹೆಸರು ಜಗತ್ತಿಗೆಲ್ಲ ತಿಳಿಯಿತು. ಮೈಸೂರಿನ ಸವಾರರಿಗೆ ಆ ಭಾಗ್ಯ ಒದಗಲಿಲ್ಲ. ದೆಹಲಿಯಲ್ಲಿ 1922ರಲ್ಲಿ ನಿಂತ ತೀನ್ ಮೂರ್ತಿ ಸ್ಮಾರಕದ ಮೂರು ಕಂಚಿನ ಪ್ರತಿಮೆಗಳು ಹೈದರಾಬಾದು, ಜೋಧಪುರ, ಮೈಸೂರು ಸಂಸ್ಥಾನಗಳನ್ನು ಪ್ರತಿನಿಧಿಸುತ್ತವೆ. ಯಾವ ಒಬ್ಬ ಮನುಷ್ಯನನ್ನೂ ಅಲ್ಲ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನು ಸೇರಿಸಲಾಯಿತು. ಹೆಸರು ಸೇರಿದ್ದು ಸಂತೋಷವೇ. ಆದರೆ ಮೈಸೂರಿನ ಸವಾರನಿಗೆ ಹೈಫಾದವರು ಮಾಡಿದ್ದ ಅಪರಾಧವೇನೆಂಬ ಪ್ರಶ್ನೆಯನ್ನು ಕಂಚು ಕೇಳುವುದಿಲ್ಲ.

ಅದೇ ಯುದ್ಧದ ಇನ್ನೊಂದು ರಂಗದಲ್ಲಿ ಜೆಫ್ರಿ ಮಾಲಿನ್ಸ್ ಮತ್ತು ಜೆ. ಬಿ. ಮೆಕ್‌ಡೊವೆಲ್ ಚಿತ್ರೀಕರಿಸಿದ ‘ದಿ ಬ್ಯಾಟಲ್ ಆಫ್ ದಿ ಸೊಮ್’ 1916ರ ಆಗಸ್ಟಿನಲ್ಲಿ ಬಿಡುಗಡೆಯಾಗಿ, ಬ್ರಿಟನ್ನಿನಲ್ಲಿ ಆರು ವಾರಗಳಲ್ಲಿ ಸುಮಾರು 2 ಕೋಟಿ ಪ್ರೇಕ್ಷಕರನ್ನು ಸೆಳೆಯಿತೆಂದು ಅಂದಾಜು. ಯುದ್ಧವಿನ್ನೂ ನಡೆಯುತ್ತಿರುವಾಗಲೇ ಮಡಿದವರನ್ನು ತೆರೆಯ ಮೇಲೆ ತೋರಿಸಿದ ಚಿತ್ರವದು. ಅದರಲ್ಲಿ ಬಹು ಪ್ರಸಿದ್ಧವಾದ, ಸೈನಿಕರು ಕಂದಕದಿಂದ ಮೇಲೇರಿ ಮುನ್ನುಗ್ಗುವ ದೃಶ್ಯವು ಮಾತ್ರ ರಣರಂಗದ ಹಿಂದೆ ಅಭಿನಯಿಸಿ ತೆಗೆದದ್ದೆಂದು ಅನಂತರ ಸಿದ್ಧವಾಗಿದೆ. ಸತ್ಯಾಣುವ್ರತದ ದೃಷ್ಟಿಯಿಂದ ಇದು ದೋಷವೇ ಸರಿ. ಆದರೂ ದೊಡ್ಡ ದೋಷವು ಬೇರೆಡೆಯಿದೆ. ನಿಜವಾಗಿಯೇ ತೆಗೆದ ಉಳಿದ ದೃಶ್ಯಗಳೆಲ್ಲವೂ ಸೇರಿ ಪ್ರೇಕ್ಷಕನಿಂದ ಬಯಸಿದ್ದು ಒಪ್ಪಿಗೆಯನ್ನು: ಇನ್ನಷ್ಟು ಮದ್ದುಗುಂಡು, ಇನ್ನಷ್ಟು ಜನ, ಇನ್ನಷ್ಟು ತಾಳ್ಮೆ. ಪ್ರತಿಯೊಂದು ಬಿಂಬವೂ ನಿಜವಾಗಿದ್ದು ಒಟ್ಟು ಸಾಕ್ಷ್ಯವು ಅನುಮೋದನೆಯ ಯಾಚನೆಯಾಗಬಹುದೆಂಬುದನ್ನು ಈ ಚಿತ್ರವು ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿತು.

ಸೈನಿಕನ ಬಳಿಯಲ್ಲಿ ನಿಂತ ಕ್ಯಾಮರಾ

ಇತ್ತೀಚಿನ ಚಿತ್ರಗಳಲ್ಲಿ ಬಹಳ ಚರ್ಚೆಗೊಳಗಾದುವು ಎರಡು. ಎರಡೂ 2010ರವು, ಎರಡೂ ಆಫ್ಘಾನಿಸ್ತಾನವನ್ನು ಕುರಿತವು. ಟಿಮ್ ಹೆದರಿಂಗ್ಟನ್ ಮತ್ತು ಸೆಬಾಸ್ಟಿಯನ್ ಯುಂಗರ್ ನಿರ್ದೇಶಿಸಿದ ‘ರೆಸ್ಟ್ರೆಪೊ’ ಕೊರೆಂಗಲ್ ಕಣಿವೆಯಲ್ಲಿದ್ದ ಅಮೆರಿಕನ್ ಪಡೆಯೊಂದರ ಚಿತ್ರ. ನಿರೂಪಕನ ಧ್ವನಿಯಿಲ್ಲ, ರಾಜಕಾರಣಿಗಳ ಸಂದರ್ಶನವಿಲ್ಲ. ಸೈನಿಕರು ಮತ್ತು ಅವರ ಮಾತು ಮಾತ್ರ. ಈ ಸಂಯಮಕ್ಕಾಗಿ ಚಿತ್ರವು ಪ್ರಶಂಸೆ ಗಳಿಸಿತು. ಅದರ ಪ್ರಾಮಾಣಿಕತೆಯನ್ನು ಸಂದೇಹಿಸಲು ಕಾರಣವಿಲ್ಲ; ಹೆದರಿಂಗ್ಟನ್ 2011ರಲ್ಲಿ ಲಿಬಿಯಾದ ಯುದ್ಧವನ್ನು ದಾಖಲಿಸುತ್ತಿರುವಾಗಲೇ ಪ್ರಾಣವನ್ನು ತೆತ್ತನು. ಆದರೆ ಮಾಡಿದವರ ಬಳಿಯೇ ನಿಂತ ಕ್ಯಾಮರಾವು ಮಾಡಿಸಿದವರನ್ನು ಪ್ರಶ್ನೆಯಿಂದ ಬಿಡುಗಡೆ ಮಾಡಿಬಿಡುತ್ತದೆ. ಈ ಕಣಿವೆಯನ್ನು ಏಕೆ ಹಿಡಿಯಬೇಕಾಗಿತ್ತೆಂಬುದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ. ಚಿತ್ರ ಬಂದ ವರ್ಷವೇ ಅಮೆರಿಕನ್ನರು ಆ ಕಣಿವೆಯನ್ನು ತೊರೆದು ಹೋದರು.

ಆದರೂ ಈ ಚಿತ್ರದಲ್ಲಿ ಒಂದು ಪ್ರಸಂಗವಿದೆ. ಜೈನ ಓದುಗನು ಅದನ್ನು ಮರೆಯಲಾರನು. ಹಸುವೊಂದು ಶಿಬಿರದ ತಂತಿಬೇಲಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸೈನಿಕರು ಅದನ್ನು ಕೊಲ್ಲುತ್ತಾರೆ. ಊರಿನ ಹಿರಿಯರು ಬೆಟ್ಟವೇರಿ ಬಂದು ಹಸುವಿನ ಬೆಲೆಯನ್ನು ಕೇಳುತ್ತಾರೆ. ಹಣ ಕೊಡಲು ಅನುಮತಿಯಿಲ್ಲ, ಹಸುವಿನ ತೂಕದಷ್ಟು ಅಕ್ಕಿ, ಕಾಳು, ಸಕ್ಕರೆ ಕೊಡಬಹುದು ಎಂಬ ಉತ್ತರ ದೊರೆಯುತ್ತದೆ. ಚಿತ್ರವು ಇಲ್ಲಿ ಯಾವ ಟೀಕೆಯನ್ನೂ ಸೇರಿಸುವುದಿಲ್ಲ. ಹೈನು ಮನೆಮನೆಯ ಜೀವನಾಧಾರವಾಗಿರುವ ಕೋಲಾರ ಸೀಮೆಯ ರೈತನಿಗೆ ಆ ಹಿರಿಯರ ಮುಖಭಾವವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಒಂದು ಜೀವದ ಬದಲಿಗೆ ತಕ್ಕಡಿಯೆತ್ತಿದ ಆ ಕ್ಷಣದಲ್ಲಿ, ಪರರ ನಾಡಿನಲ್ಲಿ ನಿಂತ ಸೇನೆಯ ಸ್ಥಿತಿಯೆಲ್ಲವೂ ಪ್ರಕಟವಾಗುತ್ತದೆ. ಇಡೀ ಚಿತ್ರದಲ್ಲಿ ಸಾಕ್ಷ್ಯವೆಂಬ ಹೆಸರಿಗೆ ಅತ್ಯಂತ ತಕ್ಕ ಭಾಗವು ಗುಂಡಿನ ಸದ್ದಿಲ್ಲದ ಇದೇ ಭಾಗ.

ಡೆನ್ಮಾರ್ಕಿನ ಯಾನುಸ್ ಮೆಟ್ಜ್ ನಿರ್ದೇಶಿಸಿದ ‘ಆರ್ಮಡಿಲ್ಲೊ’ ಹೆಲ್ಮಂದ್ ಪ್ರಾಂತದಲ್ಲಿದ್ದ ಡೇನಿಷ್ ಸೈನಿಕರನ್ನು ಅನುಸರಿಸುತ್ತದೆ. ಕಾಲುವೆಯೊಂದರಲ್ಲಿ ಅವಿತಿದ್ದ ತಾಲಿಬಾನಿಗಳನ್ನು ಕೊಂದ ಮೇಲೆ ಶಿಬಿರಕ್ಕೆ ಮರಳಿದ ಸೈನಿಕರು ಆ ಕೃತ್ಯವನ್ನು ಉತ್ಸಾಹದಿಂದ, ನಗುತ್ತ ವರ್ಣಿಸುತ್ತಾರೆ. ಚಿತ್ರವು ಡೆನ್ಮಾರ್ಕಿನಲ್ಲಿ ದೊಡ್ಡ ವಿವಾದವನ್ನೆಬ್ಬಿಸಿತು. ವಿಚಾರಣೆಯೂ ನಡೆದು, ಸೈನಿಕರ ಮೇಲೆ ಅಪರಾಧವೇನೂ ಸ್ಥಾಪಿತವಾಗಲಿಲ್ಲ. ನ್ಯಾಯಶಾಸ್ತ್ರವು ನಿಲ್ಲುವ ಸ್ಥಳದಿಂದ ನೀತಿಶಾಸ್ತ್ರವು ಹೊರಡುತ್ತದೆ. ಕೊಂದದ್ದು ನಿಯಮಕ್ಕೆ ಒಳಪಟ್ಟಿತ್ತೆಂದೇ ಇಟ್ಟುಕೊಂಡರೂ ಆ ಹರ್ಷವನ್ನು ಯಾವ ನಿಯಮವು ಸಮರ್ಥಿಸೀತು? ಪ್ರಮತ್ತವಾದ ಮನಸ್ಸಿನಿಂದ ಪ್ರಾಣಕ್ಕೆ ಒದಗುವ ಕೇಡೇ ಹಿಂಸೆಯೆಂಬ ತತ್ತ್ವಾರ್ಥಸೂತ್ರದ ವಿವೇಚನೆಗೆ ಆ ನಗುವೇ ಭಾಷ್ಯ. ಆದರೆ ಮೆಟ್ಜ್‌ನ ಚಿತ್ರವು ಕಥಾಚಿತ್ರದ ವರ್ಣವಿನ್ಯಾಸವನ್ನೂ ಸಂಗೀತವನ್ನೂ ಬಳಸಿಕೊಂಡು, ಸೈನಿಕನ ಉನ್ಮಾದವನ್ನು ತೋರಿಸುತ್ತ ಪ್ರೇಕ್ಷಕನಲ್ಲಿಯೂ ಅದರ ಒಂದಂಶವನ್ನು ಹುಟ್ಟಿಸುತ್ತದೆ. ಚಿತ್ತವನ್ನು ಕಲಕುವ ಕಥೆಗಳನ್ನು ನಿಷ್ಪ್ರಯೋಜನವಾಗಿ ಕೇಳುವುದನ್ನು ಶ್ರಾವಕಾಚಾರ ಗ್ರಂಥಗಳು ದುಃಶ್ರುತಿಯೆಂದು ಅನರ್ಥದಂಡಗಳಲ್ಲಿ ಎಣಿಸಿವೆ. ಕೇಳುವುದಕ್ಕೆ ಹೇಳಿದ ಎಚ್ಚರಿಕೆಯು ನೋಡುವುದಕ್ಕೂ ಸಲ್ಲುತ್ತದೆ.

ವಿರೋಧಿಸುವ ಚಿತ್ರದ ಏಕಾಂತ

ಯುದ್ಧವನ್ನು ವಿರೋಧಿಸುವ ಚಿತ್ರಗಳು ಈ ದೋಷದಿಂದ ತಾವಾಗಿ ಮುಕ್ತವೆಂದು ಭಾವಿಸಬೇಕಿಲ್ಲ. ವಿಯೆಟ್ನಾಮ್ ಯುದ್ಧವನ್ನು ಕುರಿತು ಪೀಟರ್ ಡೇವಿಸ್ ನಿರ್ಮಿಸಿದ ‘ಹಾರ್ಟ್ಸ್ ಅಂಡ್ ಮೈಂಡ್ಸ್’ (1974) ಮಾಡಿಸಿದವರನ್ನು ಕ್ಯಾಮರಾದ ಮುಂದೆ ತಂದು ಕೂರಿಸಿತು. ಅದು ಅದರ ಹಿರಿಮೆ. ಪೌರ್ವಾತ್ಯರಿಗೆ ಪ್ರಾಣದ ಬೆಲೆ ಕಡಿಮೆಯೆಂಬ ಅರ್ಥದ ಮಾತನ್ನು ಅಮೆರಿಕನ್ ಸೇನಾಪತಿ ವೆಸ್ಟ್‌ಮೋರ್‌ಲೆಂಡ್ ಆಡುವುದನ್ನೂ, ವಿಯೆಟ್ನಾಮಿನ ಶವಸಂಸ್ಕಾರವೊಂದರಲ್ಲಿ ಹೆಂಗಸೊಬ್ಬಳು ಗೋರಿಗೇ ಇಳಿಯಲು ಹವಣಿಸುವುದನ್ನೂ ಅದು ಪಕ್ಕಪಕ್ಕದಲ್ಲಿರಿಸಿತು. ಪರಿಣಾಮ ಅತಿ ಪ್ರಬಲ. ಆದರೆ ಆ ಹೆಂಗಸಿನ ದುಃಖವು ಅಲ್ಲಿ ಅವಳದಾಗಿ ಉಳಿಯದೆ ವಾದಕ್ಕೆ ಒದಗಿದ ಸಾಧನವಾಗುತ್ತದೆ. ಒಂದು ನಯದಿಂದ ಕಂಡದ್ದನ್ನೇ ಪೂರ್ಣಸತ್ಯವೆಂದು ಸಾಧಿಸುವುದು, ಸದುದ್ದೇಶದ್ದಾದರೂ, ಏಕಾಂತವೇ.

ಇದಕ್ಕಿಂತ ಮೃದುವಾಗಿ ನಡೆದುಕೊಂಡ ಚಿತ್ರ ಜಾನ್ ಹ್ಯೂಸ್ಟನ್‌ನ ‘ಲೆಟ್ ದೇರ್ ಬಿ ಲೈಟ್’ (1946). ಎರಡನೆಯ ಮಹಾಯುದ್ಧದಿಂದ ಮರಳಿ, ಮೈಗೆ ಗಾಯವಿಲ್ಲದೆ ಮನಸ್ಸು ಮುರಿದುಕೊಂಡ ಸೈನಿಕರು ನ್ಯೂಯಾರ್ಕಿನ ಬಳಿಯ ಸೇನಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವುದನ್ನು ಅದು ತೋರಿಸುತ್ತದೆ. ಮಾತು ನಿಂತವನು ಮಾತನಾಡುತ್ತಾನೆ, ನಡೆಯಲಾರದವನು ನಡೆಯುತ್ತಾನೆ. ಚಿತ್ರವನ್ನು ಮಾಡಿಸಿದ ಸೇನೆಯೇ ಅದರ ಪ್ರದರ್ಶನವನ್ನು ಮೂವತ್ತು ವರ್ಷಗಳಿಗೂ ಮೀರಿ ತಡೆದಿಟ್ಟಿತು. ರೋಗಿಗಳ ಗೌಪ್ಯವೆಂಬುದು ಅದು ಕೊಟ್ಟ ಕಾರಣ. ಕೊಲ್ಲುವ ಸೈನಿಕನನ್ನು ತೋರಿಸಲು ಅಡ್ಡಬಾರದ ಗೌಪ್ಯವು ಅಳುವ ಸೈನಿಕನನ್ನು ತೋರಿಸುವಾಗ ಅಡ್ಡಬಂದಿತು. ಹಿಂಸೆಯು ಮೊದಲು ಹಿಂಸಕನ ಆತ್ಮವನ್ನೇ ಘಾತಿಸುತ್ತದೆಂಬ ಜೈನತತ್ತ್ವವನ್ನು ಆ ವೈದ್ಯರೂ ನಿರ್ದೇಶಕನೂ ಕೇಳಿರಲಾರರು. ಚಿತ್ರವು ಮಾತ್ರ ಅದನ್ನೇ ನುಡಿಯುತ್ತದೆ.

ಕತ್ತಲೆಯಲ್ಲಿ ಕೇಳುವ ಧ್ವನಿ

ಈ ಎಲ್ಲದರ ನಡುವೆ ಪರರ ಸಮರಕ್ಕೆ ಹೋದ ಭಾರತೀಯ ಸೈನಿಕನನ್ನು ಕುರಿತು, ಜರ್ಮನಿಯ ಫಿಲಿಪ್ ಶೆಫ್ನರ್ 2007ರಲ್ಲಿ ನಿರ್ಮಿಸಿದ ‘ದಿ ಹಾಫ್‌ಮೂನ್ ಫೈಲ್ಸ್’ ವಿಶೇಷ ಗಮನಕ್ಕೆ ಅರ್ಹವಾಗಿದೆ. ಮೊದಲನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರನ್ನು ಬರ್ಲಿನ್ನಿನ ಬಳಿಯ ವ್ಯುನ್ಸ್‌ಡಾರ್ಫ್ ಶಿಬಿರದಲ್ಲಿ ಇರಿಸಲಾಗಿತ್ತು. ಜರ್ಮನ್ ಭಾಷಾವಿದ್ವಾಂಸರು ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಂಡರು. ಉದ್ದೇಶ ಭಾಷೆಗಳ ಅಧ್ಯಯನ, ಮನುಷ್ಯರದಲ್ಲ. 1916ರ ಡಿಸೆಂಬರ್ 11ರಂದು ಮಾಲ್ ಸಿಂಗ್ ಎಂಬ ಸೈನಿಕನು ತನ್ನ ಬದುಕನ್ನು ಬೇರೊಬ್ಬನ ಕಥೆಯಂತೆ ಹೇಳಿದನು: ಹಿಂದೂಸ್ಥಾನದಲ್ಲಿ ಬೆಣ್ಣೆ ತಿನ್ನುತ್ತಿದ್ದವನೊಬ್ಬನು ಯುರೋಪಿನ ಯುದ್ಧಕ್ಕೆ ಬಂದು ಸೆರೆಯಾದನು, ಈಗ ಮರಳಿ ಊರಿಗೆ ಹೋಗಬೇಕೆಂದು ಹಂಬಲಿಸುತ್ತಾನೆ. ಆ ಮುದ್ರಿಕೆಗಳು ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿಸಂಗ್ರಹದಲ್ಲಿ ಉಳಿದುಕೊಂಡವು.

ಶೆಫ್ನರ್ ಆ ಧ್ವನಿಯ ಮೇಲೆ ಯಾವುದೋ ಯುದ್ಧದೃಶ್ಯವನ್ನು ಹೊದಿಸಬಹುದಾಗಿತ್ತು. ಹಾಗೆ ಮಾಡದೆ, ಸೆರೆಯಾಳುಗಳ ಧ್ವನಿ ಕೇಳುವ ಹಲವೆಡೆ ತೆರೆಯನ್ನು ಕಪ್ಪಾಗಿಯೇ ಬಿಡುತ್ತಾನೆ. ಪ್ರೇಕ್ಷಕನಿಗೆ ನೋಡಲು ಏನೂ ಇರುವುದಿಲ್ಲ. ಕೇಳದೆ ಬೇರೆ ದಾರಿಯಿರುವುದಿಲ್ಲ. ಒಪ್ಪಬೇಕಾದ ಶೌರ್ಯವಿಲ್ಲ, ರೋಮಾಂಚಕ್ಕೆ ಎಡೆಯಿಲ್ಲ. ಕಳುಹಿಸಿದ ಸಾಮ್ರಾಜ್ಯವೊಂದು, ಸೆರೆಹಿಡಿದು ಅಧ್ಯಯನದ ವಸ್ತುವಾಗಿಸಿದ ಸಾಮ್ರಾಜ್ಯ ಇನ್ನೊಂದು. ನಡುವೆ ಊರಿನ ಅನ್ನವನ್ನು ನೆನೆಯುವ ಒಬ್ಬ ಮನುಷ್ಯ. ಮಾಡಿದವನ ಧ್ವನಿಯಲ್ಲಿಯೇ ಮಾಡಿಸಿದವರ ನೆರಳನ್ನು ಕಾಣಿಸುವ ಈ ಚಿತ್ರವು ಮೇಲೆ ಹೇಳಿದ ಒರೆಗಲ್ಲಿಗೆ ಉಳಿದೆಲ್ಲಕ್ಕಿಂತ ಚೆನ್ನಾಗಿ ನಿಲ್ಲುತ್ತದೆ.

ಇದು ಮುಗಿದುಹೋದ ಕಾಲದ ಕಥೆಯೆಂದು ತಿಳಿಯುವಂತಿಲ್ಲ. 2024ರ ಆರಂಭದಲ್ಲಿ ಕಲಬುರಗಿ ಜಿಲ್ಲೆಯ ಮೂವರು ಯುವಕರು, ಭದ್ರತಾ ಕೆಲಸವೆಂಬ ಆಮಿಷದಿಂದ ರಷ್ಯಕ್ಕೆ ಹೋಗಿ ಉಕ್ರೇನಿನ ಯುದ್ಧರಂಗದಲ್ಲಿ ಸಿಲುಕಿದ ಸುದ್ದಿ ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಮರಳಿದರು. ಆ ಯುದ್ಧಕ್ಕೆ ಒಯ್ಯಲ್ಪಟ್ಟ ಭಾರತೀಯರೆಲ್ಲರೂ ಮರಳಲಿಲ್ಲ. ಕೆಲವರು ಅಲ್ಲಿಯೇ ಮಡಿದರು. ಸಿಲುಕಿದವರಲ್ಲಿ ಕೆಲವರು ಸೇನಾ ಉಡುಪಿನಲ್ಲಿಯೇ ನಿಂತು, ತಮ್ಮನ್ನು ಬಿಡಿಸಿರೆಂದು ಬೇಡುವ ಚಿತ್ರಿಕೆಗಳನ್ನು ಮೊಬೈಲ್ ಫೋನಿನಲ್ಲಿ ತೆಗೆದು ಊರಿಗೆ ಕಳುಹಿಸಿದರು. ಮಾಲ್ ಸಿಂಗನ ಧ್ವನಿಮುದ್ರಿಕೆಗೂ ಈ ಚಿತ್ರಿಕೆಗಳಿಗೂ ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದ್ದರೂ ಬೇಡಿಕೆಯೊಂದೇ. ನಿರ್ದೇಶಕನಿಲ್ಲದ, ಸಂಗೀತವಿಲ್ಲದ ಈ ತುಣುಕುಗಳು ಸಾಕ್ಷ್ಯಚಿತ್ರದ ಅತ್ಯಂತ ಶುದ್ಧ ರೂಪವೆಂದರೂ ತಪ್ಪಾಗದು. ಮಾಡಿಸಿದವನು ಇಲ್ಲಿ ಸಾಮ್ರಾಟನಲ್ಲ. ಕೆಲಸ ಕೊಡಿಸುವೆನೆಂದು ಹಣ ಪಡೆದ ದಲ್ಲಾಳಿಯೂ ಆ ಸರಪಳಿಯಲ್ಲಿ ಒಂದು ಕೊಂಡಿ. ವ್ಯಾಪಾರವೃತ್ತಿಯವರು ಹೆಚ್ಚಾಗಿರುವ ಸಮಾಜವು ಈ ಕೊಂಡಿಯನ್ನು ವಿಶೇಷವಾಗಿ ಗಮನಿಸಬೇಕು.

ಪ್ರೇಕ್ಷಕನ ಹೊಣೆ

ಪಂಪನ ‘ಆದಿಪುರಾಣ’ದಲ್ಲಿ ಭರತ–ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ನಡುವೆ ಬಂದು, ಕಲಹವು ಅಣ್ಣತಮ್ಮಂದಿರದಾದ್ದರಿಂದ ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಅವರಿಬ್ಬರೇ ನಿರ್ಣಯಿಸಿಕೊಳ್ಳಲಿ, ನಿರಪರಾಧಿಗಳಾದ ಸೈನಿಕರು ಅಳಿಯುವುದು ಬೇಡವೆಂಬ ಏರ್ಪಾಡು ಮಾಡುತ್ತಾರೆ. ಅಲ್ಲಿ ಕಾರಣವುಳ್ಳವರು ಕಾದಿದರು, ಸೈನಿಕರು ನಿಂತು ನೋಡಿದರು. ಆಧುನಿಕ ಯುದ್ಧದ ಸಾಕ್ಷ್ಯಚಿತ್ರದಲ್ಲಿ ಈ ವ್ಯವಸ್ಥೆಯು ತಲೆಕೆಳಗಾಗಿದೆ: ಕಾರಣವಿಲ್ಲದವರು ಕಾದುತ್ತಾರೆ, ಕಾರಣವಾದವರು ಕುಳಿತು ನೋಡುತ್ತಾರೆ. ತೆರಿಗೆ ತೆತ್ತವರು, ಮತ ನೀಡಿದವರು, ಜಯಘೋಷ ಮಾಡಿದವರು ಎಲ್ಲರೂ ಆ ನೋಡುವವರ ಸಾಲಿನಲ್ಲಿದ್ದಾರೆ.

ಒಂದು ಕಾಲದಲ್ಲಿ ಇಂಥ ಚಿತ್ರಗಳನ್ನು ನೋಡಲು ದೊಡ್ಡ ನಗರದ ಚಿತ್ರಸಮಾಜಗಳನ್ನು ಆಶ್ರಯಿಸಬೇಕಾಗಿತ್ತು. ಈಗ ಮುಳಬಾಗಿಲಿನ ಅಂಗಡಿಯಲ್ಲಿಯೋ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿಯೋ ಕುಳಿತ ತರುಣನ ಅಂಗೈಗೇ ದಿನಕ್ಕೊಂದು ಯುದ್ಧವು ಬಂದು ಬೀಳುತ್ತದೆ. ಕಣ್ಣು ಮುಚ್ಚಿಕೊಂಡಿರೆಂದು ಅವನಿಗೆ ಹೇಳುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ನೋಡದೆ ಉಳಿದರೆ ಅಜ್ಞಾನವುಳಿಯುತ್ತದೆ. ಕೋಲಾರ, ಮಾಲೂರುಗಳ ಸಮಾಜಮಂದಿರಗಳಲ್ಲಿ ದಶಲಕ್ಷಣ, ಪರ್ಯುಷಣಗಳ ಕಾಲದಲ್ಲಿ ಇಂಥ ಒಂದೆರಡು ಚಿತ್ರಗಳನ್ನು ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ನೋಡಿ ಚರ್ಚಿಸುವುದು ಅಯೋಗ್ಯವಾಗದು. ಚಿತ್ರ ಮುಗಿದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಮಾಡಿದವನು ಯಾರು? ಮಾಡಿಸಿದವನನ್ನು ಚಿತ್ರವು ತೋರಿಸಿತೇ, ಮರೆಮಾಡಿತೇ? ಸತ್ತವನಿಗೆ, ಅವನು ಯಾವ ಪಕ್ಷದವನೇ ಆಗಿರಲಿ, ಯಾವ ಜೀವಜಾತಿಯದೇ ಆಗಿರಲಿ, ಒಂದು ಕ್ಷಣವಾದರೂ ಎಡೆ ದೊರೆಯಿತೇ? ಎಲ್ಲಕ್ಕಿಂತ ಮಿಗಿಲಾಗಿ, ಗುಂಡು ಗುರಿ ಮುಟ್ಟಿದಾಗ ನೋಡುವವನ ಮನಸ್ಸು ಹಿಗ್ಗಿತೇ, ಕುಗ್ಗಿತೇ?

ಕೊನೆಯ ಪ್ರಶ್ನೆಗೆ ಉತ್ತರವು ನಿರ್ದೇಶಕನಲ್ಲಿಲ್ಲ. ದಿನದ ದೋಷಗಳನ್ನು ನೆನೆದು ಸಕಲ ಜೀವಿಗಳ ಕ್ಷಮೆಯನ್ನು ಬೇಡುವ ಪ್ರತಿಕ್ರಮಣದ ಪದ್ಧತಿಯು ಶ್ರಾವಕನ ಮನೆಯಲ್ಲಿ ಇನ್ನೂ ಉಳಿದಿದೆ. ತಾನು ಕೊಲ್ಲದೆ, ಕೊಲ್ಲಿಸದೆ, ನೋಡುತ್ತ ನೋಡುತ್ತಲೇ ಒಪ್ಪಿಬಿಟ್ಟ ಹಿಂಸೆಗೂ ಆ ಆಲೋಚನೆಯಲ್ಲಿ ಸ್ಥಾನ ದೊರೆಯಬೇಕು.